ಬೀಬಾ ತಿಂದದ್ದು ಎಲ್ಲಿ?

ನಾಯಿ ಗೊತ್ತಿಲ್ಲದ್ದೇನಾದರೂ ತಿಂದರೆ ಗಾಬರಿಯಾಗಬಾರದು. ಹಾಲು, ಉಪ್ಪುನೀರು ಕುಡಿಸಬಾರದು. ಏನು ತಿಂತು, ಎಷ್ಟು ತಿಂತು, ಎಲ್ಲಿ ತಿಂತು ಎಂದು ತಿಳಿದುಕೊಂಡು ಡಾಕ್ಟರ ಹತ್ತಿರ ಓಡಬೇಕು. ರೇಡಿಯೊದಲ್ಲಿ ಹೇಳಿದ್ದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕಿವಿಯೇ ಪುಸ್ತಕ. ಅಂಥ ಹೊತ್ತು ಬಂದರೆ ನಮ್ಮ ಇಡೀ ಇಸ್ಟ್ರಿಯಾ ಸೀಮೆಯಲ್ಲಿ ನನ್ನಂಥ ಧೀರೆ ಇನ್ನೊಬ್ಬಳು ಸಿಗಲಾರಳು ಎಂದುಕೊಂಡಿದ್ದೆ.

ಹೊತ್ತು ಬಂದೇಬಿಟ್ಟಿತು. ನನ್ನ ಗಂಡ ಜ್ವಾನೆ ಬೆಳಿಗ್ಗೆ ಕಾಡಿಗೆ ಹೋದವನು ಬೀಬಾಳನ್ನು ಹೊತ್ತುಕೊಂಡು ಬಂದ. ಮಣ್ಣಿನಡಿ ಬೆಳೆಯುವ, ಚಿನ್ನದ ಬೆಲೆಯ ಟ್ರಫಲ್ ಅಣಬೆಯನ್ನು ಮೂಸಿ ಹುಡುಕುವ ನಾಯಿ; ನಮಗೆ ಮಗಳಿದ್ದ ಹಾಗೆ. ಬಾಯಿ ತುಂಬ ನೊರೆ.

"ಏನು ತಿಂದ್ಲು?"

"ನೋಡ್ಲಿಲ್ಲ."

"ಎಲ್ಲಿ?"

ಜ್ವಾನೆ ಕಿಟಕಿಯ ಕಡೆ ತಿರುಗಿದ. "ಕಾಡಲ್ಲಿ."

ಅಣಬೆ ಸಿಗುವ ಜಾಗವನ್ನು ನಲವತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಗೂ ಹೇಳದ ಜಾತಿ ಇದು.

ಬೀಬಾಳನ್ನು ಎತ್ತಿಕೊಂಡು ನಾಯಿ ಡಾಕ್ಟರ ಹತ್ತಿರ ಓಡಿದೆವು. ಅಲ್ಲಿ ಕೋಣೆಯ ಬಾಗಿಲು ಮುಚ್ಚುವುದೇ ಇಲ್ಲ. ಹೊರಗಿನ ಬೆಂಚಿನ ಮೇಲೆ ನೆರೆಮನೆಯ ಬೆರ್ತೊ, ಅವನದೂ ಅಣಬೆಯ ಕಸುಬೇ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದ.

"ಹೊಳೆ ಆಚೆ ಯಾರೋ ವಿಷದ ಉಂಡೆ ಹಾಕಿದ್ದಾರಂತೆ," ಎಂದಳು ಡಾಕ್ಟರ್ ನೆವಿಯಾ. "ಎಲ್ಲಿ ತಿಂತು ಅಜ್ಜಾ?"

"ಮರದ ಕೆಳಗೆ."

"ಯಾವ ಮರ?"

"ಎಲೆ ಇರೋ ಮರ."

"ಹೊಳೆ ಆಚೆನಾ, ಈಚೆನಾ?"

ಜ್ವಾನೆ ಬೆರ್ತೊನ ಕಡೆ ನೋಡಿದ. "ಹೊಳೆ ಇತ್ತು."

ಬೀಬಾ ನನ್ನ ಅಂಗೈಯಲ್ಲಿ ಮೂತಿಯಿಟ್ಟು ನಡುಗಿದಳು. ನನ್ನ ಧೈರ್ಯ ಅಲ್ಲಿಗೆ ಮುಗಿಯಿತು.

"ಹೊಳೆ ಈಚೆ! ಹಳೇ ಗಿರಣಿ ಕೆಳಗೆ, ಸೀಳಿದ ಓಕ್ ಮರದ ಹಿಂದೆ, ಎಡಗಡೆ!"

"ನಿನಗ್ಯಾರು ಹೇಳಿದ್ರು?" ಜ್ವಾನೆಯ ಮುಖ ಸುಣ್ಣವಾಯಿತು.

"ನೀನೇ ಪುಣ್ಯಾತ್ಮ. ವಾರಕ್ಕೆರಡು ಸಲ ನಿದ್ದೇಲಿ ಹೇಳ್ತೀಯ."

ಬೆರ್ತೊ ಬೆಕ್ಕನ್ನು ಸವರುವುದು ನಿಲ್ಲಿಸಿದ.

ಡಾಕ್ಟರಮ್ಮ ಬಗ್ಗಿ ಬೀಬಾಳ ಬಾಯಿ ಮೂಸಿದಳು. "ವಿಷಕ್ಕೆ ಲ್ಯಾವೆಂಡರ್ ಹೂವಿನ ವಾಸನೆ ಇರಲ್ವಲ್ಲ ಅಜ್ಜೀ?"

ಅಷ್ಟರಲ್ಲಿ ಬೀಬಾ ತಾನಾಗಿಯೇ ಕಕ್ಕಿದಳು. ಬಿದ್ದದ್ದು ಸೋಪಿನ ತುಂಡು. ಮೇಲೆ ನನ್ನದೇ ಹೆಬ್ಬೆಟ್ಟಿನ ಗುರುತು. ಹಂದಿಕೊಬ್ಬು ಕಾಯಿಸಿ, ಲ್ಯಾವೆಂಡರ್ ಬೆರೆಸಿ ಮಾಡಿದ ಸೋಪನ್ನು ಆ ಬೆಳಿಗ್ಗೆ ಅವರು ಕಾಡಿಗೆ ಹೊರಡುವ ಮೊದಲೇ ಒಣಗಲು ಇಟ್ಟವಳು ನಾನೇ.

"ಪ್ರಾಣಕ್ಕೇನೂ ಭಯ ಇಲ್ಲ," ಎಂದಳು ಡಾಕ್ಟರಮ್ಮ.

ಆಗ ಜ್ವಾನೆ ಮೊದಲ ಸಲ ನೆಟ್ಟಗೆ ಉತ್ತರ ಕೊಟ್ಟ. "ತಿಂದ ಜಾಗ ಬರ್ಕೊಳ್ಳಿ ಡಾಕ್ಟ್ರಮ್ಮ. ನಮ್ಮನೆ ಮೆಟ್ಟಿಲು."

ಮರುದಿನ ಸೀಳಿದ ಓಕ್ ಮರದ ಹಿಂದೆ, ಎಡಗಡೆ, ಊರವರ ಏಳು ಅಣಬೆನಾಯಿಗಳಿದ್ದವಂತೆ, ಮುಂದಾಳು ಬೆರ್ತೊ. ಜ್ವಾನೆ ಖಾಲಿ ಚೀಲದೊಂದಿಗೆ ಬಂದು, ಮೆಟ್ಟಿಲ ಮೇಲೆ ಉಳಿದಿದ್ದ ಸೋಪುಗಳನ್ನೆಲ್ಲ ಬಳಿದು ನನ್ನ ಮಡಿಲಿಗೆ ಹಾಕಿದ.

"ಇವನ್ನ ಯಾರಿಗೂ ಗೊತ್ತಿಲ್ಲದ ಕಡೆ ಬಚ್ಚಿಡು ಫುಮಾ," ಎಂದ. "ನಿನಗೂ ಗೊತ್ತಾಗಬಾರದು."