ಮುಂದಿನ ಪಾಳಿಯವನು

ನಮ್ಮ ಕಾಕಾ ನಿವೃತ್ತರಾಗಿ ಹದಿನಾರು ವರ್ಷಗಳಾದವು. ಈ ಸುದ್ದಿಯನ್ನು ಅವರಿಗೆ ಮುಟ್ಟಿಸುವ ಧೈರ್ಯ ಮಾತ್ರ ನಮ್ಮ ಮನೆತನದಲ್ಲಿ ಇನ್ನೂ ಯಾರಿಗೂ ಬಂದಿಲ್ಲ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಬಿಣಗಾದ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದವರು. ಅವರ ಬದುಕಿಗೆ ಒಂದೇ ನಿಯಮ: ರಿಲೀವರ್, ಅಂದರೆ ಮುಂದಿನ ಪಾಳಿಯವನು, ಬಂದು ಎದುರು ನಿಲ್ಲುವ ತನಕ ಕುರ್ಚಿ ಬಿಡುವಂತಿಲ್ಲ. ಮದುವೆಯ ದಿನವೂ ರಿಲೀವರ್ ತಡಮಾಡಿದನೆಂದು ಖಾಕಿ ಬಟ್ಟೆಯಲ್ಲೇ ಮಂಟಪಕ್ಕೆ ಓಡಿಬಂದವರಂತೆ. ಅವರ ಹೆಂಡತಿ, ನಮ್ಮ ಕಾಕು, ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಈಗ ಮರೆವಿನ ಕಾಯಿಲೆ ಬಂದು ಕಾಕಾ ಮದುವೆಯನ್ನೇ ಮರೆತಿದ್ದಾರೆ, ಡ್ಯೂಟಿಯನ್ನು ಮರೆತಿಲ್ಲ. ಇದಕ್ಕೆ ಏನನ್ನೋಣ?

ಅಂಕೋಲೆಯ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಸಾಕು, ಸೈರನ್ ಆಯಿತೆಂದು ಕಾಕಾ ಬೂಟು ಹಾಕಿ ಗೇಟಿಗೆ ಹಾಜರು! ಒಳಗೆ ಬರುವವರಿಗೆಲ್ಲ ತಪಾಸಣೆ. ಮೀನು ಮಾರುವವಳನ್ನು ಒಂದು ದಿನ ತಡೆದು, "ಗೇಟ್ ಪಾಸ್ ಎಲ್ಲದೆ?" ಎಂದರು. ಅವಳೇನು ಕಡಿಮೆಯೇ? ಬುಟ್ಟಿಯಿಂದ ಒಂದು ಬಂಗಡೆ ಎತ್ತಿ ಹಿಡಿದು, "ಇದೇ ಪಾಸು ಕಾಕಾ, ಇವತ್ತಿಂದೇ!" ಎಂದಳು. ಕಾಕಾ ಬಂಗಡೆಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿ, "ಸರಿ ಅದೆ, ಹೋಗು" ಎಂದು ಬಿಟ್ಟರು. ಮರುವಾರ ಬರಿಗೈಯಲ್ಲಿ ಹೋದ ನಾನು ಅರ್ಧ ತಾಸು ಬಿಸಿಲಲ್ಲಿ ನಿಂತೆ. ಅಣ್ಣನ ಮಗ ಎಂದರೂ ಬಿಡಲಿಲ್ಲ. "ಇಲ್ಲಿ ಸಂಬಂಧ ಗಿಂಬಂಧ ನಡಿಯೂದಿಲ್ಲ!"

ಸ್ನಾನವೆಂದರೆ ಮಾತ್ರ ದೊಡ್ಡ ರಂಪ. ಇಂಥ ಮನೆಗಳವರಿಗೆಂದೇ ಕಾರವಾರದಲ್ಲಿ ಒಂದು ತಿಳುವಳಿಕೆ ಸಭೆ ಇಟ್ಟಿದ್ದರು. ಇಬ್ಬರನ್ನೂ ಕರೆದುಕೊಂಡು ಹೋದೆ. ಕಾಕಾ ಇಡೀ ಹೊತ್ತು ಸಭೆಯ ಬಾಗಿಲು ಕಾದರು!

"ವಾದ ಮಾಡಬೇಡಿ, ನೆನಪಿದೆಯಾ ಎಂದು ಪರೀಕ್ಷೆ ಮಾಡಬೇಡಿ. ಅವರು ಇರುವ ಕಾಲಕ್ಕೆ ನೀವೇ ಹೋಗಿ" ಎಂದರು ಸಭೆ ನಡೆಸಿದ ನರ್ಸ್ ಬಾಯಿ.

ಕಾಕು ನನ್ನ ಕಿವಿಯಲ್ಲಿ, "ನಾ ದಿನಾ ಅಲ್ಲೇ ಇರ್ತೆ. ವಾಪಸ್ ಬರೂಕೆ ಬಸ್ ಯಾವ್ದು, ಅದ್ನ ಕೇಳು" ಎಂದರು.

ಆದರೂ ಮರುದಿನ ಪ್ರಯೋಗ ಮಾಡಿದರು. "ಶಿಫ್ಟ್ ಮುಗೀತು ಸಾಹೇಬ್ರೆ. ಸ್ನಾನ ಆಗ್ದೆ ಗೇಟ್ ಬಿಡೂಕಿಲ್ಲ." ಕಾಕಾ ತಾವೇ ಟವೆಲ್ ಹೆಗಲಿಗೇರಿಸಿ ಬಚ್ಚಲಿಗೆ ನಡೆದರು!

ಅದೇ ನರ್ಸ್ ಕೊನೆಗೆ ಇನ್ನೊಂದು ಮಾತು ಹೇಳಿದ್ದರು. "ನೋಡಿಕೊಳ್ಳುವವರಿಗೂ ವಿಶ್ರಾಂತಿ ಬೇಕು. ಮನೆಮಂದಿ ಪಾಳಿ ಹಾಕಿಕೊಳ್ಳಿ." ಆಗ ಸಭೆಯಲ್ಲಿದ್ದ ಗಂಡಸರೆಲ್ಲ ಒಮ್ಮೆಲೇ ಮೊಬೈಲ್ ನೋಡಿಕೊಂಡೆವು. ಮಕ್ಕಳಿಲ್ಲದ ಕಾಕುವಿಗೆ ಪಾಳಿಗೆ ಸಿಗುವವನು ನಾನೊಬ್ಬನೇ. ಕಾರವಾರದ ನನ್ನ ಮನೆಯಿಂದ ಅಂಕೋಲೆಗೆ ಮಹಾ ಎಷ್ಟು ದೂರ? ಮುಕ್ಕಾಲು ತಾಸು. ಆದರೆ ನನಗೆ ಯಾವಾಗಲೂ ಏನೋ ಒಂದು ಕೆಲಸ.

ಹೋದ ತಿಂಗಳು ಒಂದು ಭಾನುವಾರ ಅಲ್ಲಿ ಗಡದ್ದಾಗಿ ಉಂಡು, ನಾಲ್ಕರ ಬಸ್ಸಿಗೆಂದು ಚೀಲ ಎತ್ತಿಕೊಂಡೆ. ಕಾಕು ಅಡುಗೆಮನೆಯ ಬಾಗಿಲಿಗೆ ಒರಗಿ ಕುಳಿತಲ್ಲೇ ನಿದ್ದೆ ಹೋಗಿದ್ದರು. ಮಡಿಲಲ್ಲಿ ಅರ್ಧ ಮಡಚಿದ ಕಾಕಾನ ಅಂಗಿ. ಕಾಕಾ ಬೂಟು ಕಳಚಿಟ್ಟು, ಸದ್ದಾಗದಂತೆ ಬಂದು ನನ್ನ ತೋಳು ಹಿಡಿದು, ಕಾಕುವಿನತ್ತ ಕಣ್ಣು ತೋರಿಸಿದರು.

"ಈ ಬಾಯಿ ಯಾರೋ ಗೊತ್ತಿಲ್ಲ. ಮೂರೂ ಶಿಫ್ಟ್ ಅವ್ರೇ ಮಾಡ್ತಾರೆ, ನಾ ನೋಡ್ತೇ ಇದ್ದೆ. ಇವ್ರ ರಿಲೀವರ್ ಯಾರು?"

ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೇ ಅಲ್ಲನಾ? ಎಂತಕ್ಕೆ ಇಷ್ಟು ತಡ ಮಾಡ್ದಿ?"

ನಾಚಿಕೆಯಿಂದ ಕಣ್ಣು ತುಂಬಿತು. ಚೀಲ ಕೆಳಗಿಟ್ಟೆ. "ತಪ್ಪಾಯ್ತು ಸಾಹೇಬ್ರೆ. ಬಂದೆ" ಎಂದೆ.

ಈಗ ಪ್ರತಿ ಶನಿವಾರ ಮಧ್ಯಾಹ್ನದಿಂದ ನನ್ನ ಪಾಳಿ. ಬಂಗಡೆ ತೋರಿಸಿಯೇ ಗೇಟು ದಾಟುತ್ತೇನೆ. ಮೊದಲ ಶನಿವಾರ ಕಾಕು, ಎಷ್ಟೋ ವರ್ಷಗಳ ಮೇಲೆ, ಸುಂಕಸಾಳದ ತಂಗಿಯ ಮನೆಗೆ ಹೊರಟರು. ಕಾಕಾ ಗೇಟಿನಲ್ಲಿ ತಡೆದರು. ಪಾಸ್ ಕೇಳಲಿಲ್ಲ. ತುಸು ಹೊತ್ತು ಅವರ ಮುಖವನ್ನೇ ನೋಡಿ, "ಬಾಯಿ, ನಾಳೆ ನೀವೇ ಬರ್ತ್ರಲ್ಲ? ಬೇರೆಯವ್ರನ್ನ ಕಳಸ್ಬೇಡಿ" ಎಂದರು.

ಎದುರಿನ ನಿಲ್ದಾಣದಲ್ಲಿ ನಿಂತು ಕಾಕು ಎರಡು ಬಸ್ಸು ಬಿಟ್ಟರು. ಮೂರನೆಯದಕ್ಕೆ ಗೇಟಿನಿಂದ ನಾನೇ ಗದರಿಸಿ ಹತ್ತಿಸಬೇಕಾಯಿತು.