ಬಾಡಿಗೆ ಕಾರಿನ ಮುಂದೆ

ಬೆಳಗಿನ ಪೂಜೆ ಮುಗಿಸಿ ತೆಪ್ಪಗೆ ಮನೆಗೆ ಬರುವುದು ಬಿಟ್ಟು, ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಕಂಕನಾಡಿಯ ಕಜೆಟನ್ ಫಾದರ್ ಎದುರು ಜಂಭ ಕೊಚ್ಚಿದ.

"ಇವತ್ತಿಗೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ಫಾದರ್. ಬಶೀರನ ಕಾರು ಗೊತ್ತುಮಾಡಿದ್ದೇನೆ. ಬಂಟ್ವಾಳದ ಹೊಳೆ ಬದಿಗೆ ಹೋಗಿ ಬರುವುದು. ನಾನು, ಉರ್ಸುಲಾ, ಇಬ್ಬರೇ!"

'ಇಬ್ಬರೇ' ಎಂಬುದನ್ನು ಒತ್ತಿಯೇ ಹೇಳಿದ. ಪಾಪ, ಹೇಳದೆ ಏನು ಮಾಡಿಯಾನು? ಹಂಚಿನ ಕಾರ್ಖಾನೆಯ ಆ ಗುಮಾಸ್ತನ ಪುಟ್ಟ ಮನೆಯಲ್ಲಿ ಅಪ್ಪ, ಅಮ್ಮ, ಮದುವೆಯಾಗದ ತಂಗಿಯರು, ಸಾಲು ಮಕ್ಕಳು. ಹೆಂಡತಿಯೊಡನೆ ಒಂದು ಮಾತಾಡಬೇಕೆಂದರೆ ಬಾವಿಕಟ್ಟೆಗೆ ಹೋಗಬೇಕು. ಅಲ್ಲಿಗೂ ಪಕ್ಕದ ಮನೆಯ ಎವ್ಲಿನ್ ಬಾಯಿಯ ಕಿಟಕಿ ತೆರೆದೇ ಇರುತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಉರ್ಸುಲಾಳ ಪಕ್ಕ ಕೂತು, 'ನೀನಿಲ್ಲದಿದ್ದರೆ ನಾನು ಎಂತದೂ ಅಲ್ಲ' ಎಂದು ಒಮ್ಮೆಯಾದರೂ ಹೇಳಿಬಿಡಬೇಕು ಎಂಬುದೊಂದೇ ಅವನ ಆಸೆ.

ಫಾದರ್ ಮುಖ ಅರಳಿತು. "ಪಡೀಲ್ ದಾಟಿಯೇ ಹೋಗ್ತೀಯಲ್ಲ? ಹಾಗಾದ್ರೆ ನಮ್ಮ ಸಾಯ್ಬಿಣಿಯನ್ನು ಮಗ್ದಲೀನ್ ಬಾಯಿಯ ಮನೆಗೆ ಮುಟ್ಟಿಸು. ಪಾಪ, ಹಾಸಿಗೆ ಬಿಟ್ಟು ಏಳ್ಲಿಕ್ಕಾಗುವುದಿಲ್ಲ ಅವರಿಗೆ. ಬದುಕೇ ಒಂದು ಪ್ರಯಾಣ ಕಜೆಟನ್. ಮಾತೆಯನ್ನು ಜೊತೆಗೆ ಕರಕೊಂಡು ಹೋದವ ದಾರಿ ತಪ್ಪುವುದಿಲ್ಲ."

ಸಾಯ್ಬಿಣ್ ಎಂದರೆ ಮರಿಯಮ್ಮನವರ ಮೂರ್ತಿ. ಆ ತಿಂಗಳಿಡೀ ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಹೋದ ಮನೆಯಲ್ಲೆಲ್ಲ ಜಪ, ಹಾಡು. ಒಲ್ಲೆನೆನ್ನಲು ಬಾಯಿ ಬರುತ್ತದೆಯೆ? ಪಡೀಲ್ ತನಕ ತಾನೇ ಎಂದು ಕಜೆಟನ್ ಒಪ್ಪಿಕೊಂಡ. ಉರ್ಸುಲಾ ಮೂರ್ತಿಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಳು.

ಕಾರು ಇನ್ನೂ ಮಾರ್ಕೆಟ್ ದಾಟಿರಲಿಲ್ಲ. ಎವ್ಲಿನ್ ಬಾಯಿ ಮೀನಿನ ಚೀಲ ಹಿಡಿದು ರಸ್ತೆಗೇ ಅಡ್ಡ ಬಂದರು.

"ಎಂತ ಇದು ಕಜೆಟನ್? ಸಾಯ್ಬಿಣಿಯ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತದ್ದಾ? ಕರಕೊಂಡು ಹೋಗುವ ಮನೆಯ ಯಜಮಾನ ಮೊಂಬತ್ತಿ ಹಿಡಿದು ಮುಂದೆ ನಡೀಬೇಕು, ಪ್ರಾರ್ಥನೆ ಹೇಳಿಕೊಡ್ಬೇಕು. ಗೊತ್ತಿಲ್ವಾ?"

"ಕಾರು ಉಂಟಲ್ಲ ಬಾಯಿ..."

"ಕಾರು ಸಾಯ್ಬಿಣಿಗೆ! ನಿನಗೆ ಕಾಲು ಉಂಟಲ್ಲ?"

ದಾರಿ ತಪ್ಪಲಿಲ್ಲ ನಿಜ, ಆದರೆ ಕಜೆಟನನಿಗೆ ಸೀಟು ತಪ್ಪಿತು. ಹೊಸ ಬೂಟಿನಲ್ಲಿ ಕಾಲು ಕಚ್ಚಿಸಿಕೊಳ್ಳುತ್ತ, ಆರುವ ಮೊಂಬತ್ತಿಗೆ ಅಂಗೈ ಮರೆ ಮಾಡುತ್ತ, ತಾನೇ ಬಾಡಿಗೆ ಕೊಟ್ಟ ಕಾರಿನ ಮುಂದೆ ನಡೆದ. ಮಾತೆಯ ಒಂದೊಂದು ಬಿರುದನ್ನು ಅವನು ಕೂಗುವುದು, ಹಿಂದಿನವರು "ನಮಗಾಗಿ ಪ್ರಾರ್ಥಿಸು" ಎನ್ನುವುದು. ಎವ್ಲಿನ್ ಬಾಯಿಯ ಹಿಂದೆ ಮೀನಿನವರು ಸೇರಿದರು, ರೊಟ್ಟಿ ಅಂಗಡಿಯವರು ಸೇರಿದರು, ಮದುವೆ ಬ್ಯಾಂಡಿನವನೊಬ್ಬ ಪಿಟೀಲು ಹಿಡಿದೇ ಓಡಿಬಂದ.

"ಬಶೀರ್, ಸ್ವಲ್ಪ ಬೇಗ ಬಿಡು ಮಾರಾಯ, ನಾನು ಓಡ್ತೇನೆ," ಎಂದ ಕಜೆಟನ್ ಗುಟ್ಟಿನಲ್ಲಿ.

"ಆಗ್ಲಿಕ್ಕಿಲ್ಲ ಪೊರ್ಬುಗಳೇ. ನಮಗೂ ಮರ್ಯಂ ಬೀವಿ ಅಲ್ವಾ? ಅವರು ಕೂತ ಗಾಡಿ ನಾನು ಜೋರಾಗಿ ಓಡಿಸುವುದಿಲ್ಲ."

ಪಡೀಲ್ ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಮೂರ್ತಿ ಕಂಡದ್ದೇ ಮಗ್ದಲೀನ್ ಬಾಯಿಯ ಕಣ್ಣಲ್ಲಿ ನೀರು. ಜಪ ಮುಗಿದ ಮೇಲೆ ಕಜೆಟನನ ಕೈ ಹಿಡಿದುಕೊಂಡು, "ನೀನು ಹೊರಟದ್ದು ಹೊಳೆಗಂತೆ ಮಗ, ಬಂದು ಮುಟ್ಟಿದ್ದು ನನ್ನ ಹತ್ತಿರ. ನಾವು ಎಣಿಸಿದ ದಾರಿ ಬೇರೆ, ದೇವರು ನಡೆಸುವುದು ಬೇರೆ. ನಿನಗೆ ಪುಣ್ಯ ಉಂಟು," ಎಂದರು. ಅವನ ಮನಸ್ಸು ಕರಗಿಹೋಯಿತು, ಕಾಲಿನ ಬೊಕ್ಕೆಯೂ ಮರೆತುಹೋಯಿತು. ಸರಿ, ಇನ್ನಾದರೂ ಇಬ್ಬರೇ ಎಂದುಕೊಂಡು ಹೋಗಿ ಕಾರಿನ ಬಾಗಿಲು ತೆರೆದು ನಿಂತ.

ಉರ್ಸುಲಾ ಹೊರಗೆ ಬಂದಳು. ಕೈಯಲ್ಲಿ ಸಾಯ್ಬಿಣ್!

"ಇದು ಪುನಃ ಎಲ್ಲಿಗೆ?"

"ನಮ್ಮ ಮನೆಗೆ!" ಅವಳ ಮುಖದಲ್ಲಿ ಮದುವೆಯ ದಿನದ ನಾಚಿಕೆ. "ನೀವು ನನಗೆ ಕಾರು ತಂದ್ರಿ, ನಾನು ನಿಮಗೆ ಎಂತ ಕೊಡುವುದು? ಇವತ್ತು ಸಂಜೆ ಸಾಯ್ಬಿಣ್ ನಮ್ಮ ಮನೆಗೇ ಬರ್ಬೇಕೂಂತ ಫಾದರ್ ಹತ್ತಿರ ಮೊದಲೇ ಕೇಳಿಕೊಂಡಿದ್ದೆ. ಹೇಳಿದ್ರೆ ನಿಮಗೆ ಗೊತ್ತಾಗ್ತದೇಂತ ಹೇಳ್ಲಿಲ್ಲ. ಇವರನ್ನೆಲ್ಲ ಊಟಕ್ಕೂ ಕರೆದಿದ್ದೇನೆ."

ಹೊಳೆ ಅಲ್ಲಿಗೆ ಮುಗಿಯಿತು. ಕಜೆಟನ್ ಮೊಂಬತ್ತಿ ಎತ್ತಿಕೊಂಡು ಪುನಃ ಮಾತೆಯ ಬಿರುದುಗಳನ್ನು ಕೂಗತೊಡಗಿದ. ಅವನ ಕುಂಟು ನಡಿಗೆ ನೋಡಲಾರದೆ ಉರ್ಸುಲಾ ಕಾರಿನಿಂದ ಇಳಿದು, ಎವ್ಲಿನ್ ಬಾಯಿಯನ್ನು ಹತ್ತಿಸಿ ಮೂರ್ತಿಯನ್ನು ಅವರ ಮಡಿಲಿಗೆ ಕೊಟ್ಟು, ಅವನ ಜೊತೆಗೇ ನಡೆದಳು. ಎವ್ಲಿನ್ ಬಾಯಿ ರಾಣಿಯ ಹಾಗೆ ಸೀಟಿಗೆ ಒರಗಿದರು.

ಹೆಂಡತಿ ಪಕ್ಕದಲ್ಲಿ, ಅವಳ ಸೆರಗು ತನ್ನ ಕೈಗೆ ತಾಗುತ್ತಿದೆ. ಅವನ ಎದೆ ತುಂಬಿ ಬಂತು. ಇನ್ನು ಯಾವಾಗ ಎಂದು ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟ:

"ನೀನಿಲ್ಲದಿದ್ದರೆ ನಾನು ಎಂತದೂ ಅಲ್ಲ."

"ನಮಗಾಗಿ ಪ್ರಾರ್ಥಿಸು!" ಎಂದಿತು ಹಿಂದಿನಿಂದ ಇಡೀ ಮೆರವಣಿಗೆ. ಪಕ್ಕದಲ್ಲಿ ಕಣ್ಣು ಮುಚ್ಚಿ, ಕೈ ಜೋಡಿಸಿ, ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಉರ್ಸುಲಾ.