ನಿಂತಲ್ಲೇ ಓಡುವ ಗಾಡಿ

ಯಾವ ಜಾತಿಯದೆಂದು ತಿಳಿಯದ ಗಾಡಿ ಎಲ್ಲೇ ಸಿಗಲಿ, ನನಗೆ ಕರೆ ಬಂದೇ ಬರುತ್ತದೆ. ಭೌತಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಬೇರೆ ಕೆಲಸವಿಲ್ಲವೆಂದು ಕಲಬುರಗಿಯವರ ನಂಬಿಕೆ. ನಂಬಿಕೆ ಸುಳ್ಳಲ್ಲ.

ಬಾಳೆಗೊನೆಯ ಕೆಳಗೆ

ಕಮಲಾಪುರದ ಕೆಂಪುಬಾಳೆ ರೈತರೊಬ್ಬರ ಕೊಟ್ಟಿಗೆಯಲ್ಲಿ, ಗೊನೆಗಳ ಕೆಳಗೆ, ಒಂದು ಮೋಟರ್‌ಸೈಕಲ್. ಅವರ ತೀರಿಹೋದ ತಂದೆ ಗುಜರಿ ಸಾಮಾನು ಕೂಡಿಸಿ ಕೈಯಾರೆ ಮಾಡಿದ್ದು. ಹಿಂದಿನ ಸೀಟಿಗೆ ಎರಡೂ ಭುಜಕ್ಕೆ ಕಟ್ಟುವ ಪಟ್ಟಿ ಬೇರೆ.

"ಇದು ಏನಂತ ಹೇಳ್ರಿ ಸರ," ಅಂದರು ರೈತರ ಹೆಂಡತಿ. "ಇಲ್ಲಾಂದ್ರ ಸಂತಿ ದಿನ ಗುಜರಿಗೆ. ನನಗ ಬಾಳಿ ಇಡಾಕ ಜಾಗ ಬೇಕು."

ರೈತರ ಮುಖ ಬಾಡಿತು. "ಅಪ್ಪನ ಗಾಡಿ ಭಾಳ ಜೋರು ಸರ. ನಿಂತಾಗೂ ಮೀಟರ್‌ನ ಮುಳ್ಳು ಮ್ಯಾಲೇ ಇರ್ತದ ನೋಡ್ರಿ."

ಗಂಜಿನ ತೀರ್ಪು

ಟೆಂಪೋದಲ್ಲಿ ಕಲಬುರಗಿಗೆ ತಂದೆವು. ಕಾಳು-ಕಡಿ ಮಾರುವ ನೆಹರು ಗಂಜಿನಲ್ಲಿ ಚಹಾಕ್ಕೆ ನಿಂತರೆ ಜನ ಮುತ್ತಿದರು. ತೊಗರಿ ವ್ಯಾಪಾರಿಯೊಬ್ಬರು, ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕೊಳವೆಯಿಂದ ಟ್ಯಾಂಕಿಗೆ ಎರಡು ಬಾರಿ ಬಡಿದು, ಕಿವಿಗೊಟ್ಟು ಕೇಳಿ ಹೇಳಿದರು: "ಮಾಲು ಹಳೇದ್ರೀ. ಆದ್ರ ಹುಳ ಹಿಡದಿಲ್ಲ."

ಮೇಲ್ಸೇತುವೆ

ಗಾಜಿಪುರದ ಉಸ್ತಾದ್ ಮೆಕ್ಯಾನಿಕ್ ಇಂಜಿನ್‌ಗೆ ಜೀವ ಕೊಟ್ಟ. ರೈತರು ಓಡಿಸಿದರು, ನಾನು ಹಿಂದೆ, ಪಟ್ಟಿ ಬಿಗಿದುಕೊಂಡು. ಮೇಲ್ಸೇತುವೆ ಏರುವಾಗ ಗಾಡಿ ಏದುಸಿರು ಬಿಟ್ಟು ನಿಧಾನವಾಯಿತು, ಮುಳ್ಳು ಮಾತ್ರ ಚೂರು ಏರಿತು! ಜೋರಾಗಿ ಇಳಿದಾಗ ಮುಳ್ಳೂ ಇಳಿಯಿತು. ನನಗೆ ಹೊಳೆಯಿತು: ಅದು ವೇಗದ ಮೀಟರೇ ಅಲ್ಲ, ಎತ್ತರ ಅಳೆಯುವ ವಿಮಾನದ ಮೀಟರು. ಪೈಲಟ್‌ನ ಸೀಟು, ಸಾಲುಸಾಲು ರಿವೆಟ್ ಹೊಡೆದ ಅಲ್ಯೂಮಿನಿಯಂ ಟ್ಯಾಂಕು, ಎಲ್ಲವೂ ವಿಮಾನದ್ದೇ. ಎಂಥಾ ತಲೆ ರೈತರ ತಂದೆಯದು! ಅದನ್ನೆಲ್ಲ ರೈತರ ಕಿವಿಯಲ್ಲಿ ಕೂಗಿ ಹೇಳಿ ಮುಗಿಸುವಷ್ಟರಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು.

"ಎಷ್ಟು ಸ್ಪೀಡ್ ಇತ್ತು?"

ರೈತರು ಮೀಟರ್ ನೋಡಿ ವಿನಯದಿಂದ ಅಂದರು: "ಸ್ಪೀಡ್ ಗೊತ್ತಿಲ್ರಿ ಸಾಹೇಬ್ರ. ಸಮುದ್ರದಿಂದ ಒಂದೂವರಿ ಸಾವಿರ ಅಡಿ ಮ್ಯಾಲ ಇದ್ದೀವಿ."

ಸಂತೆಯ ದಿನ

ಕಮಲಾಪುರದಲ್ಲಿ ಗುಜರಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದ.

"ಏನಂತ್ರಿ ಇದು?" ಕೇಳಿದರು ರೈತರ ಹೆಂಡತಿ.

"ಇದಕ್ಕೆ ಹೆಸರಿಲ್ಲ ತಾಯಿ. ಇಂಥದ್ದು ಇನ್ನೊಂದಿಲ್ಲ. ನಿಮ್ಮ ಮಾವನವರು ವಿಮಾನದ ಸಾಮಾನಿನಿಂದ ಮಾಡಿದ್ದು."

ಆಕೆ ಗಂಡನತ್ತ ತಿರುಗಿದರು. "ಎಲ್ಲಿಗೂ ಕರಕೊಂಡು ಹೋಗವಲ್ರಿ ಅಂತ ಇಷ್ಟು ವರ್ಷ ಬೈದೀನಿ. ಮನಿಯಾಗ ವಿಮಾನ ಇಟಗೊಂಡು ಸುಮ್ಮ ಕುಂತಿದ್ರೇನು?"

ಗುಜರಿಯವನ ಕೈಗೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಕಳಿಸಿದರು. ಒಂದು ಗೊನೆಯನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು, ಎರಡೂ ಪಟ್ಟಿ ಬಿಗಿದು, ಗಂಡನ ಬೆನ್ನು ತಟ್ಟಿದರು:

"ಸಂತಿಗೆ ನಡೀರಿ. ಆದ್ರ ಭಾಳ ಮ್ಯಾಲ ಒಯ್ಯಬ್ಯಾಡ್ರಿ, ನನಗ ತಲಿ ತಿರುಗ್ತದ."